ಕೆನ್ನೆಗೆ ಕಡ್ಡಿ ಉಜ್ಜಿ ಎಡಿಎಚ್‌ಡಿ ಹೇಳ್ತಾರಂತೆ, ಮಾಡಿಸ್ಲಾ?

ದಾವಣಗೆರೆ ಅಮ್ಮ:
ಮಗನಿಗೆ ಆರೂವರೆ ವರ್ಷ, ಒಂದನೇ ಕ್ಲಾಸು. ಡೈರಿ ತೆಗೆದ್ರೆ ಸಾಕು, ಮಿಸ್ಸಿನ ಕೆಂಪು ಇಂಕು: "ಬೋರ್ಡ್ ನೋಡಿ ಬರೆಯಲ್ಲ", "ಕೂತಲ್ಲಿ ಕೂರಲ್ಲ". ಪೆನ್ಸಿಲ್, ರಬ್ಬರ್, ಒಂದ್ಸಲ ಎಡಗಾಲಿನ ಶೂ, ಎಲ್ಲಾ ಕಳ್ಕೊಂಡು ಬಂದಿದಾನೆ. ಆದ್ರೆ ಮನೇಲಿ ಬ್ಲಾಕ್ಸ್ ಜೋಡಿಸೋಕೆ ಕೂತ್ರೆ ಊಟಕ್ಕೆ ಕೂಗಿದ್ರೂ ಕೇಳ್ಸಲ್ಲ. ಅಷ್ಟು ಗಮನ ಇರೋ ಹುಡುಗನಿಗೆ ಎಂಥ ಕಾಯಿಲೆ ಅಂತಾರೆ ಯಜಮಾನ್ರು. ಅತ್ತೆ ಅಂತೂ "ಅವರಪ್ಪನ ಕಾಲಲ್ಲೂ ಚಕ್ರಾನೇ ಇತ್ತು, ಈಗ ಸಂಸಾರ ಮಾಡ್ತಿಲ್ವಾ" ಅಂತ ಮಾತು ಮುಗಿಸಿಬಿಡ್ತಾರೆ.

ಹೋದ ವಾರ ಪೇರೆಂಟ್ಸ್ ಮೀಟಿಂಗಲ್ಲಿ ಒಂದು ಕಂಪನಿಯವರು ಟೇಬಲ್ ಹಾಕಿದ್ರು. ಕೆನ್ನೆ ಒಳಗೆ ಕಡ್ಡಿ ಉಜ್ಜಿ ಕೊಟ್ರೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸೋ ತೊಂದರೆ) ಅಪಾಯ, ಬೊಜ್ಜು, ಸಂಗೀತದ ಪ್ರತಿಭೆ, ಎಲ್ಲಾ ಒಂದೇ ರಿಪೋರ್ಟಲ್ಲಿ ಬರತ್ತಂತೆ. 9,000 ರೂಪಾಯಿ. ಕಡಿಮೆ ಅಪಾಯ ಅಂತ ಬಂದ್ರೆ ನಾನು ನಿಶ್ಚಿಂತೆಯಿಂದ ಇರಬಹುದಾ?

ಲ್ಯಾಬ್‌ನೋನು:
ಇರೋಕಾಗಲ್ಲ ಅಕ್ಕ. ಹೆಚ್ಚು ಅಪಾಯ ಅಂತ ಬಂದ್ರೂ ಹೆದರೋ ಹಾಗಿಲ್ಲ. ಹಾಗಾದ್ರೆ ದುಡ್ಡು ಯಾಕೆ ಕೊಡ್ಬೇಕು?

ನಾನು ಜೀನ್ ಡೇಟಾ ಇಟ್ಕೊಂಡೇ ಕೆಲಸ ಮಾಡೋನು. ಎಡಿಎಚ್‌ಡಿ ವಂಶದಲ್ಲಿ ಬರತ್ತೆ ಅನ್ನೋದು ನಿಜ. ಅವಳಿ ಮಕ್ಕಳ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದ್ರೆ, ಜನರ ನಡುವೆ ಕಾಣೋ ವ್ಯತ್ಯಾಸದಲ್ಲಿ ಸುಮಾರು 74% ವಂಶವಾಹಿಗೆ ಸೇರಿದ್ದು. ಮಾರೋರು ಈ ಸಂಖ್ಯೆ ಒಂದನ್ನೇ ತೋರಿಸ್ತಾರೆ. ಆದ್ರೆ ಅದು ಯಾವುದೋ ಒಂದೆರಡು ಜೀನಲ್ಲಿ ಕೂತಿಲ್ಲ. 2023ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಎಡಿಎಚ್‌ಡಿ ಇರೋ 38,691 ಜನರನ್ನ, ಇಲ್ಲದ 1,86,843 ಜನರ ಜೊತೆ ಹೋಲಿಸಿದ್ರು. ಎಡಿಎಚ್‌ಡಿ ಜೊತೆ ನಂಟಿರೋ ಜಾಗ ಡಿಎನ್‌ಎಯಲ್ಲಿ ಸಿಕ್ಕಿದ್ದು 27. ಒಂದೊಂದರ ಪ್ರಭಾವಾನೂ ಚೂರೇ ಚೂರು. ಸಾಮಾನ್ಯವಾಗಿ ಕಾಣೋ ಎಲ್ಲಾ ರೂಪಾಂತರಗಳನ್ನ (ಜನರಿಂದ ಜನಕ್ಕೆ ಬೇರೆ ಇರೋ ಡಿಎನ್‌ಎ ಅಕ್ಷರಗಳು) ಸೇರಿಸಿದ್ರೂ, ಜನರ ನಡುವಿನ ವ್ಯತ್ಯಾಸದಲ್ಲಿ ವಿವರಣೆ ಸಿಗೋದು 14%ಗೆ. ಅಧ್ಯಯನದ ಜನ ಬಹುಪಾಲು ಡೆನ್ಮಾರ್ಕ್, ಐಸ್‌ಲ್ಯಾಂಡ್, ಒಟ್ಟಲ್ಲಿ ಯುರೋಪಿನ ಮೂಲದವರು. ಆ ಲೆಕ್ಕ ತಂದು ದಾವಣಗೆರೆ ಹುಡುಗನ ಮೇಲೆ ಹಾಕಿದ್ರೆ ಇನ್ನೂ ಸಡಿಲ ಆಗತ್ತೆ.

ಕೆಲವು ಕಿಟ್‌ಗಳು ಇಷ್ಟೂ ನೋಡಲ್ಲ. ಡಿಆರ್‌ಡಿ4, ಡಿಎಟಿ1 ಅಂತ ಹಳೇ ಒಂದೆರಡು ಡೋಪಮಿನ್ (ಮೆದುಳಲ್ಲಿ ಸಂದೇಶ ಸಾಗಿಸೋ ರಾಸಾಯನಿಕ) ಜೀನ್ ನೋಡಿ ಅಪಾಯದ ಮೀಟರ್ ಬರೀತಾರೆ. ಆ ರೂಪಾಂತರ ಇದ್ದೂ ಎಡಿಎಚ್‌ಡಿ ಇಲ್ಲದೋರು ಲೆಕ್ಕ ಇಲ್ಲದಷ್ಟು ಜನ. ಯಾವ ಜೀನ್ ನೋಡ್ತೀರಿ, ಯಾರ ಡೇಟಾಗೆ ಹೋಲಿಸ್ತೀರಿ ಅಂತ ಟೇಬಲ್‌ನೋರನ್ನ ಕೇಳಿ ನೋಡಿ. ಸಂಗೀತದ ಪ್ರತಿಭೆ ವಿಷಯಕ್ಕೆ ನಾನು ಬಾಯಿ ಬಿಡಲ್ಲ, ನಗು ಬರತ್ತೆ.

ಶಿವಮೊಗ್ಗ ಸೊಸೆ:
ನಾವು ಮಗಳಿಗೆ ಇಂಥದ್ದು ಮಾಡಿಸಿದ್ವಿ (ಕಂಪನಿ ಹೆಸರು ಬೇಡ). ಮೀಟರಲ್ಲಿ ಮುಳ್ಳು ಕಿತ್ತಳೆ ಬಣ್ಣದ ಮೇಲೆ. ಕೆಳಗೆ ಸಲಹೆ: ಸಕ್ಕರೆ ಕಡಿಮೆ ಮಾಡಿ, ಯೋಗ ಮಾಡಿಸಿ, ಚೆನ್ನಾಗಿ ನಿದ್ದೆ ಮಾಡಿಸಿ. ಇದನ್ನ ನಮ್ಮಜ್ಜಿ ಪುಕ್ಕಟೆ ಹೇಳ್ತಿದ್ರು. ಎರಡು ದಿನಕ್ಕೆ "ಕೌನ್ಸೆಲರ್" ಫೋನು, ಮೀನೆಣ್ಣೆ ಮಾತ್ರೆ ಆರು ತಿಂಗಳ ಪ್ಯಾಕ್ ತಗೊಳ್ಳಿ ಅಂತ.

ಆಮೇಲೆ ಮಕ್ಕಳ ಮನೋವೈದ್ಯರ ಹತ್ರ ಹೋದ್ವಿ. ಆ ರಿಪೋರ್ಟ್ ಮಡಚಿ ವಾಪಸ್ ಕೊಟ್ಟು, ಸ್ಕೂಲ್ ನೋಟ್‌ಬುಕ್ ತಂದಿದೀರಾ ಅಂದ್ರು. ಟೀಚರಿಗೊಂದು, ನಮಗೊಂದು ಪ್ರಶ್ನೆ ಫಾರಂ. ಕಿವಿ, ಕಣ್ಣು ಪರೀಕ್ಷೆ ಮಾಡಿಸಿ ಅಂದ್ರು, ರಾತ್ರಿ ಗೊರಕೆ ಹೊಡೀತಾಳಾ, ರಕ್ತ ಕಡಿಮೆ ಇದೆಯಾ ಅಂತೆಲ್ಲ ಕೇಳಿದ್ರು. ನಿದ್ದೆ ಸರಿ ಇಲ್ಲದಿದ್ರೂ, ಕಿವಿ ಮಂದ ಇದ್ರೂ ಮಗು ಕ್ಲಾಸಲ್ಲಿ ಹಾಗೇ ಕಾಣತ್ತಂತೆ.

ಹುಬ್ಳಿ ಔಷಧಿ ಅಂಗಡಿ:
ಜೀನ್ ಟೆಸ್ಟ್ ಅಂದ್ರ ಎಲ್ಲಾನೂ ದಂಡ ಅನಬ್ಯಾಡ್ರಿ. ಬೆಳವಣಿಗಿ ತಡ ಆಗಿದ್ರ, ಫಿಟ್ಸ್ ಇದ್ರ ಡಾಕ್ಟ್ರೇ ಕ್ರೋಮೊಸೋಮ್ ಪರೀಕ್ಷಾ, ಫ್ರಜೈಲ್ ಎಕ್ಸ್ (ಬುದ್ಧಿ ಬೆಳವಣಿಗಿ ಕುಂದಸೋ ಒಂದು ಜೀನ್ ತೊಂದ್ರಿ) ಪರೀಕ್ಷಾ ಬರದು ಕೊಡ್ತಾರ. ಎಡಿಎಚ್‌ಡಿಗೆ ಕೊಡೋ ಅಟೊಮೊಕ್ಸೆಟಿನ್ ಔಷಧಿನ ಮೈಯಾಗ ಒಡೆಯೋದು ಸಿವೈಪಿ2ಡಿ6 ಅನ್ನೋ ಕಿಣ್ವ. ಅದು ಮಂದ ಇದ್ದೋರಿಗೆ ಮೈಯಾಗ ಔಷಧಿ ಮಟ್ಟ ಭಾಳ ಏರತದ. ಆದ್ರ ಇವು ಯಾವೂ ಪೇರೆಂಟ್ಸ್ ಮೀಟಿಂಗ್ ಟೇಬಲ್ ಮ್ಯಾಲಿಂದಲ್ರೀ.

ಲ್ಯಾಬ್‌ನೋನು:
ಹುಬ್ಳಿಯವರು ಹೇಳಿದ್ದು ಸರಿ. ಅಕ್ಕ, ಇನ್ನೊಂದು. ಡೇಟಾ ಎಲ್ಲಿ ಇಡ್ತಾರೆ ಅಂತಾನೂ ಕೇಳಿ. ಅಮೆರಿಕದ ಜೀನ್ ಟೆಸ್ಟ್ ಕಂಪನಿ 23ಆಂಡ್‌ಮಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿ ಹೋಯ್ತು, 2025ರ ಮಾರ್ಚಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕ್ತು. ಪಾಸ್‌ವರ್ಡ್ ಆದ್ರೆ ಬದಲಾಯಿಸಬಹುದು, ಹುಡುಗನ ಡಿಎನ್‌ಎ ಬದಲಾಯಿಸೋಕಾಗಲ್ಲ.

ದಾವಣಗೆರೆ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಕಡ್ಡಿ ಬೇಡ ಅಂತ ತೀರ್ಮಾನ. ಡಾಕ್ಟ್ರ ಹತ್ರ ಹೋಗುವಾಗ ಏನೇನು ತಗೊಂಡು ಹೋಗ್ಲಿ? ಬ್ಲಾಕ್ಸ್ ವಿಷಯ ಹೇಳ್ಬೇಕಾ?

ಶಿವಮೊಗ್ಗ ಸೊಸೆ:
ಹೇಳಿ, ಖಂಡಿತ. ಇಷ್ಟವಾದದ್ದರಲ್ಲಿ ಮುಳುಗಿ ಹೋಗೋದು ಎಡಿಎಚ್‌ಡಿ ಇರೋ ಮಕ್ಕಳಲ್ಲೂ ಇರತ್ತೆ, ಅದರಿಂದ ಇಲ್ಲ ಅಂತ ಆಗಲ್ಲ. ಲಕ್ಷಣ ಆರು ತಿಂಗಳಾದ್ರೂ ಇರಬೇಕು, ಮನೆ, ಸ್ಕೂಲು ಎರಡೂ ಕಡೆ ಕಾಣಬೇಕು, ಅದನ್ನೇ ಅವರು ನೋಡೋದು. ಡೈರಿ, ನೋಟ್‌ಬುಕ್ ಎಲ್ಲಾ ತಗೊಳ್ಳಿ. ಅಲ್ಲೇ ಮಕ್ಕಳ ಮನೋವೈದ್ಯರು ಸಿಗದಿದ್ರೆ ನಿಮ್ಹಾನ್ಸಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗ ಇದೆ.

ಅತ್ತೆಯವರನ್ನೂ ಕರ್ಕೊಂಡು ಹೋಗಿ. ಅಪ್ಪ ಚಿಕ್ಕವರಿದ್ದಾಗ ಹೇಗಿದ್ರು ಅಂತ ನಮ್ಮನ್ನ ಅರ್ಧ ಗಂಟೆ ಕೇಳಿದ್ರು.

ದಾವಣಗೆರೆ ಅಮ್ಮ:
ಅತ್ತೆ ರೆಡಿ. ಯಜಮಾನ್ರೇ "ಪರೀಕ್ಷೆ ಅವನಿಗೋ ನನಗೋ" ಅಂತ ಕೇಳ್ತಿದಾರೆ.