ಅಕ್ಕನ ಮಗನ ಕಾಯಿಲೆ ಎಕ್ಸ್ ವರ್ಣತಂತುವಿನದು ಎಂದು ವರದಿ ಬಂದಿದೆ. ನನ್ನ ಗರ್ಭಕ್ಕೂ ಅಪಾಯವಿದೆಯೇ?

ಪ್ರಶ್ನೆ: ಮುಳಬಾಗಿಲು ತಾಲ್ಲೂಕಿನ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನನ್ನು ನಮ್ಮ ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದರು. ಅವರಿಗೆ ಹತ್ತೊಂಬತ್ತು ವರ್ಷದ ಮಗಳೂ ಏಳು ವರ್ಷದ ಮಗನೂ ಇದ್ದಾರೆ. ಮಗಳು ಆರೋಗ್ಯವಾಗಿದ್ದು ಕೋಲಾರದಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಮಗನಿಗೆ ಇಂದಿಗೂ ಕುತ್ತಿಗೆ ಸರಿಯಾಗಿ ನಿಂತಿಲ್ಲ, ಮಾತು ಬಂದಿಲ್ಲ, ಕೈಕಾಲುಗಳು ಆಗಾಗ ಸೆಟೆದುಕೊಳ್ಳುತ್ತವೆ. ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲ. ಆದರೆ ನಮ್ಮನ್ನೆಲ್ಲ ಗುರುತು ಹಿಡಿಯುತ್ತಾನೆ, ದನಿ ಕೇಳಿದರೆ ನಗುತ್ತಾನೆ.

ಇಷ್ಟು ವರ್ಷವೂ ತೋರಿಸಿದಲ್ಲೆಲ್ಲ "ಸಂಬಂಧದಲ್ಲಿ ಮದುವೆಯಾಗಿದ್ದೀರಿ, ಅದಕ್ಕೇ ಹೀಗಾಗಿದೆ" ಎಂಬ ಒಂದೇ ಉತ್ತರ ಸಿಗುತ್ತಿತ್ತು. ಈ ಮಾತು ಕೇಳಿ ಕೇಳಿ ಅಕ್ಕ, ಭಾವ ಇಬ್ಬರೂ ಕುಗ್ಗಿಹೋಗಿದ್ದಾರೆ. ಈಗ ಬೆಂಗಳೂರಿನಲ್ಲಿ ವಂಶವಾಹಿಗಳನ್ನೆಲ್ಲ ಒಟ್ಟಿಗೆ ಓದುವ ಎಕ್ಸೋಮ್ ಪರೀಕ್ಷೆ ಮಾಡಿಸಿದಾಗ ಎಸ್‌ಎಲ್‌ಸಿ16ಎ2 ಎಂಬ ವಂಶವಾಹಿಯಲ್ಲಿ ದೋಷವಿದೆ, ಇದು ಅಲನ್–ಹರ್ನ್‌ಡನ್–ಡಡ್ಲಿ ಸಿಂಡ್ರೋಮ್, ಎಕ್ಸ್ ವರ್ಣತಂತುವಿಗೆ ಸೇರಿದ್ದು ಎಂದು ವರದಿ ಬಂದಿದೆ. ಅಕ್ಕನ ರಕ್ತವನ್ನೂ ಪರೀಕ್ಷಿಸಿ ಆಕೆ ವಾಹಕಿ, ಅಂದರೆ ತನಗೆ ಕಾಯಿಲೆಯಿಲ್ಲದಿದ್ದರೂ ದೋಷವನ್ನು ಹೊತ್ತಿರುವವಳು, ಎಂದು ಹೇಳಿದ್ದಾರೆ. ನಮ್ಮಮ್ಮನ ಒಬ್ಬ ತಮ್ಮನೂ ಹೀಗೆಯೇ ಕುತ್ತಿಗೆ ನಿಲ್ಲದೆ ನಾಲ್ಕನೇ ವಯಸ್ಸಿನಲ್ಲಿ ತೀರಿಕೊಂಡನಂತೆ. ಆಗ ಅದನ್ನು ಬಾಲಗ್ರಹ ಎಂದಿದ್ದರಂತೆ.

ನನ್ನ ಮದುವೆ ಹೊರಗಿನ ಸಂಬಂಧದಲ್ಲಿ ಆಗಿದೆ. ಆರು ವರ್ಷದ ಆರೋಗ್ಯವಂತ ಮಗನಿದ್ದಾನೆ, ಈಗ ಮತ್ತೆ ಎಂಟು ವಾರದ ಗರ್ಭಿಣಿ. ಹೊರಗೆ ಮದುವೆಯಾಗಿರುವುದರಿಂದ ನನಗೆ ಭಯವಿಲ್ಲ ಎಂದು ಮನೆಯವರು ಹೇಳುತ್ತಾರೆ. ಅದು ನಿಜವೇ? ಅಕ್ಕನ ಮಗಳನ್ನು ನನ್ನ ತಮ್ಮನಿಗೇ ತಂದುಕೊಳ್ಳುವ ಮಾತೂ ಮನೆಯಲ್ಲಿತ್ತು. ಈಗ ಅದನ್ನು ಬಿಟ್ಟು ಹೊರಗೆ ಕೊಟ್ಟರೆ ಅವಳ ಮಕ್ಕಳಿಗೆ ಈ ಕಾಯಿಲೆ ತಪ್ಪುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಮಕ್ಕಳ ವೈದ್ಯೆ, ಕೋಲಾರ

ನಿಮ್ಮ ಅಕ್ಕ ಮತ್ತು ಭಾವನವರಿಗೆ ಮೊದಲು ತಲುಪಬೇಕಾದ ಮಾತನ್ನು ಮೊದಲೇ ಹೇಳುತ್ತೇನೆ. ಈ ಮಗುವಿನ ಕಾಯಿಲೆಗೆ ಅವರ ಸಂಬಂಧದ ಮದುವೆ ಕಾರಣವಲ್ಲ. ಹೆಂಗಸರಲ್ಲಿ ಎರಡು ಎಕ್ಸ್ ವರ್ಣತಂತುಗಳಿರುತ್ತವೆ, ಗಂಡಸರಲ್ಲಿ ಒಂದು ಎಕ್ಸ್ ಮತ್ತು ಒಂದು ವೈ. ತಂದೆ ತನ್ನ ಮಗನಿಗೆ ಕೊಡುವುದು ವೈ ವರ್ಣತಂತುವನ್ನು, ಆದ್ದರಿಂದ ಮಗನ ಎಕ್ಸ್ ಯಾವಾಗಲೂ ತಾಯಿಯಿಂದಲೇ ಬಂದಿರುತ್ತದೆ. ನಿಮ್ಮ ಭಾವ ರಕ್ತಸಂಬಂಧಿಯೇ ಆಗಿರಲಿ, ಎಲ್ಲಿಂದಲೋ ಬಂದ ಅಳಿಯನೇ ಆಗಿರಲಿ, ಈ ದೋಷ ಮಗನಿಗೆ ಬರುವ ಸಾಧ್ಯತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ. ಸೋದರಮಾವನೊಂದಿಗಿನ ಮದುವೆಯಿಂದ ಅಪಾಯ ಹೆಚ್ಚುವುದು ಬೇರೆ ಗುಂಪಿನ ಕಾಯಿಲೆಗಳಲ್ಲಿ, ಅಂದರೆ ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷಯುಕ್ತ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವಂಥವುಗಳಲ್ಲಿ. ನಮ್ಮ ಕಡೆ ಸಂಬಂಧದ ಮದುವೆಗಳು ಹೆಚ್ಚಾಗಿರುವುದರಿಂದ, ಬುದ್ಧಿಮಾಂದ್ಯವಿರುವ ಮಗು ಕಂಡ ಕೂಡಲೇ ಎಲ್ಲವನ್ನೂ ಅದರ ಮೇಲೆ ಹೊರಿಸಿ ಪರೀಕ್ಷೆಯನ್ನೇ ಬರೆಯದೆ ಕಳುಹಿಸುವ ರೂಢಿಯಿದೆ. ಅದರಿಂದಾಗುವ ಹಾನಿ ದೊಡ್ಡದು, ಏಕೆಂದರೆ ಹೊರಗೆ ಮದುವೆಯಾದ ತಂಗಿಯರು ತಮಗೆ ಭಯವಿಲ್ಲವೆಂದು ಸುಮ್ಮನಿದ್ದುಬಿಡುತ್ತಾರೆ.

ಇನ್ನು, ದೋಷ ತಾಯಿಯ ಕಡೆಯಿಂದ ಬಂದಿತೆಂದು ಅಕ್ಕನನ್ನು ದೂರುವುದೂ ಅಷ್ಟೇ ತಪ್ಪು. ಇಂಥ ತೀವ್ರ ಎಕ್ಸ್ ಸಂಬಂಧಿ ಕಾಯಿಲೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಹೊಸದಾಗಿ ಹುಟ್ಟಿದ ಉತ್ಪರಿವರ್ತನೆಗಳಾಗಿರುತ್ತವೆ (ವಂಶವಾಹಿಯಲ್ಲಿ ತಾನಾಗಿ ಆಗುವ ಬದಲಾವಣೆಗಳು) ಎಂದು 1935ರಲ್ಲೇ ಲೆಕ್ಕ ಹಾಕಿ ತೋರಿಸಿದವರು ಜೆ.ಬಿ.ಎಸ್. ಹಾಲ್ಡೇನ್. ಮುಂದೆ ಭಾರತದ ಪೌರತ್ವವನ್ನೇ ಪಡೆದು ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಅವರು. ನಿಮ್ಮ ಮನೆಯಲ್ಲಿ ಮಾತ್ರ ಅಕ್ಕ ವಾಹಕಿ ಎಂದು ಖಚಿತವಾಗಿದೆ, ಅಮ್ಮನ ತಮ್ಮನಿಗೂ ಇದೇ ಲಕ್ಷಣಗಳಿದ್ದವು. ಆದ್ದರಿಂದ ಇದು ನಿಮ್ಮ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅಕ್ಕನಿಗೆ ಇಳಿದು ಬಂದಿದೆ ಎಂದೇ ಭಾವಿಸಿ ಮುಂದುವರಿಯಬೇಕು. 1944ರಲ್ಲಿ ಅಲನ್, ಹರ್ನ್‌ಡನ್ ಮತ್ತು ಡಡ್ಲಿ ಎಂಬ ಮೂವರು ಅಮೆರಿಕದಲ್ಲಿ ಮೊದಲು ವರ್ಣಿಸಿದ ಕುಟುಂಬದಲ್ಲೂ ಹೀಗೆಯೇ ಆರೋಗ್ಯವಂತ ಹೆಂಗಸರ ಮೂಲಕ ಸಾಗಿ ಹಲವು ತಲೆಮಾರುಗಳ ಗಂಡು ಮಕ್ಕಳಲ್ಲಿ ಕಾಯಿಲೆ ಕಾಣಿಸಿಕೊಂಡಿತ್ತು. ಕಾರಣವಾದ ವಂಶವಾಹಿ ಪತ್ತೆಯಾಗಲು 2004ರವರೆಗೆ ಕಾಯಬೇಕಾಯಿತು.

ಹೆಂಗಸರ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ನಿಷ್ಕ್ರಿಯವಾಗಿರುತ್ತದೆ ಎಂಬುದನ್ನು 1961ರಲ್ಲಿ ಮೇರಿ ಲಯನ್ ಪ್ರತಿಪಾದಿಸಿದರು. ಯಾವುದು ನಿಷ್ಕ್ರಿಯವಾಗಬೇಕೆಂಬುದು ಸಾಮಾನ್ಯವಾಗಿ ಯಾದೃಚ್ಛಿಕ. ಹಾಗಾಗಿ ವಾಹಕಿಯ ಒಂದಷ್ಟು ಕೋಶಗಳಲ್ಲಿ ಸರಿಯಾದ ಪ್ರತಿಯೇ ಕೆಲಸ ಮಾಡುತ್ತಿರುತ್ತದೆ, ಆಕೆಯ ಬುದ್ಧಿಗಾಗಲಿ ನಡಿಗೆಗಾಗಲಿ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಈ ಹಂಚಿಕೆ ತೀರಾ ಒಂದೇ ಕಡೆಗೆ ವಾಲಿದಾಗ ಹುಡುಗಿಗೂ ಕಾಯಿಲೆ ಬಂದ ಉದಾಹರಣೆಗಳು ಅತಿ ವಿರಳವಾಗಿ ಇವೆ.

ಈಗ ನಿಮ್ಮ ಲೆಕ್ಕ. ಅಮ್ಮ ವಾಹಕಿಯಾಗಿದ್ದರೆ ನೀವು ವಾಹಕಿಯಾಗಿರುವ ಸಾಧ್ಯತೆ ಹುಟ್ಟಿನಿಂದ ಅರ್ಧ. ನಿಮಗೆ ಆರೋಗ್ಯವಂತ ಮಗನಿರುವುದು ನಿಮ್ಮ ಪರವಾದ ಸಾಕ್ಷ್ಯ. ಅದನ್ನು ಸೇರಿಸಿದರೆ ಆ ಸಾಧ್ಯತೆ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ವಾಹಕಿಯ ಪ್ರತಿ ಬಸುರಿನಲ್ಲೂ ಕಾಯಿಲೆಯಿರುವ ಗಂಡು ಮಗುವಿನ ಸಾಧ್ಯತೆ ನಾಲ್ಕರಲ್ಲಿ ಒಂದು. ಎರಡನ್ನೂ ಗುಣಿಸಿದರೆ ಈ ಗರ್ಭದಲ್ಲಿ ಹನ್ನೆರಡರಲ್ಲಿ ಒಂದು. ನಿಮ್ಮ ಪತಿ ಹೊರಗಿನವರು ಎಂಬ ಅಂಶಕ್ಕೆ ಈ ಲೆಕ್ಕದಲ್ಲಿ ಸ್ಥಾನವಿಲ್ಲ. ಆದರೆ ಈ ಅಂದಾಜುಗಳನ್ನು ಹಿಡಿದುಕೊಂಡು ಕೂರುವ ಅಗತ್ಯವೂ ಇಲ್ಲ, ಏಕೆಂದರೆ ನಿಮ್ಮ ರಕ್ತ ಪರೀಕ್ಷೆಯೊಂದೇ ಸ್ಪಷ್ಟ ಉತ್ತರ ಕೊಡುತ್ತದೆ.

ಆ ಕೆಲಸ ಈ ವಾರವೇ ಆಗಬೇಕು. ಮಗುವಿನ ವರದಿಯ ಪೂರ್ಣ ಪ್ರತಿಯೊಂದಿಗೆ ವಂಶವಾಹಿ ಸಲಹಾ ಕೇಂದ್ರಕ್ಕೆ ಹೋಗಿ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಗಳಲ್ಲಿ ಈ ಸೇವೆಯಿದೆ. ದೋಷ ಎಲ್ಲಿದೆ ಎಂಬುದು ಈಗಾಗಲೇ ತಿಳಿದಿರುವುದರಿಂದ ನಿಮಗೆ ಮತ್ತೆ ಎಕ್ಸೋಮ್ ಬೇಡ. ಆ ಒಂದು ಜಾಗವನ್ನು ಮಾತ್ರ ಓದುವ ಸ್ಯಾಂಗರ್ ಪರೀಕ್ಷೆ ಸಾಕು, ಅದರ ವೆಚ್ಚವೂ ಬಹಳ ಕಡಿಮೆ. ಈ ಕಾಯಿಲೆಯಲ್ಲಿ ಥೈರಾಯ್ಡ್ ಹಾರ್ಮೋನು ಏರುಪೇರಾಗುತ್ತದೆಯಾದರೂ, ನಿಮ್ಮ ಥೈರಾಯ್ಡ್ ಪರೀಕ್ಷೆ ಸಹಜವಾಗಿದೆ ಎಂದ ಮಾತ್ರಕ್ಕೆ ವಾಹಕಿಯಲ್ಲ ಎಂದು ತಿಳಿಯಬೇಡಿ. ನೀವು ವಾಹಕಿಯಲ್ಲವೆಂದು ಬಂದರೆ ಈ ಕಾಯಿಲೆಯ ವಿಷಯ ನಿಮ್ಮ ಮಟ್ಟಿಗೆ ಅಲ್ಲಿಗೆ ಮುಗಿಯಿತು. ವಾಹಕಿ ಎಂದು ಬಂದರೆ, ಬಯಸಿದಲ್ಲಿ 11ರಿಂದ 14 ವಾರಗಳ ನಡುವೆ ಮಾಸುವಿನ ಅಂಶ ತೆಗೆದು, ಇಲ್ಲವೇ 16 ವಾರದ ನಂತರ ಗರ್ಭದ ನೀರು ತೆಗೆದು ಭ್ರೂಣವನ್ನು ಪರೀಕ್ಷಿಸಬಹುದು. ಎರಡರಲ್ಲೂ ಗರ್ಭಪಾತದ ಸಣ್ಣ ಅಪಾಯವಿದೆ, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯೇ ಲಿಂಗಸಂಬಂಧಿ ಆನುವಂಶಿಕ ಕಾಯಿಲೆಗಳ ಪ್ರಸವಪೂರ್ವ ಪರೀಕ್ಷೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶ ಕೊಟ್ಟಿದೆ. ನಿಮಗೆ ತಿಳಿಸುವುದು ಕಾಯಿಲೆ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ, ಮಗು ಗಂಡೋ ಹೆಣ್ಣೋ ಎಂಬುದನ್ನಲ್ಲ. ಪರೀಕ್ಷೆ ಮಾಡಿಸುವುದು, ಬಿಡುವುದು, ಫಲಿತಾಂಶ ಬಂದ ಮೇಲೆ ಏನು ಮಾಡುವುದು ಎಂಬ ತೀರ್ಮಾನ ನಿಮ್ಮದು. ಸಲಹೆಗಾರರಾಗಲಿ ಮನೆಯ ಹಿರಿಯರಾಗಲಿ ಒತ್ತಾಯಿಸುವಂತಿಲ್ಲ.

ಅಕ್ಕನ ಮಗಳು ವಾಹಕಿಯಾಗಿರುವ ಸಾಧ್ಯತೆ ಅರ್ಧ. ಆಕೆ ವಾಹಕಿಯಾಗಿದ್ದರೆ, ಯಾರನ್ನು ಮದುವೆಯಾದರೂ ಹುಟ್ಟುವ ಪ್ರತಿ ಗಂಡು ಮಗುವಿಗೂ ಅಪಾಯ ಅರ್ಧವೇ ಆಗಿರುತ್ತದೆ. ನಿಮ್ಮ ತಮ್ಮ ಆರೋಗ್ಯವಾಗಿದ್ದಾನೆ ಎಂದಮೇಲೆ ಅವನ ಒಂದೇ ಎಕ್ಸ್‌ನಲ್ಲಿ ಈ ದೋಷವಿಲ್ಲ, ಅವನಿಂದ ಇದು ಯಾರಿಗೂ ಹೋಗುವುದಿಲ್ಲ. ಹಾಗೆಂದು ಆ ಮದುವೆಗೆ ನಾನು ಒಪ್ಪಿಗೆ ಕೊಟ್ಟೆನೆಂದು ಓದಿಕೊಳ್ಳಬೇಡಿ. ಸೋದರಮಾವ ಮತ್ತು ಸೊಸೆಯ ಮಗುವಿನಲ್ಲಿ ಎಂಟರಲ್ಲಿ ಒಂದು ಪಾಲು ವಂಶವಾಹಿಗಳ ಎರಡೂ ಪ್ರತಿಗಳು ಒಂದೇ ಪೂರ್ವಜರ ಮೂಲದವಾಗಿರುವ ನಿರೀಕ್ಷೆಯಿದೆ. ನಿಮ್ಮ ಮನೆಯಲ್ಲಿ ಹಿಂದಿನ ತಲೆಮಾರಿನಲ್ಲೂ ಹೀಗೆಯೇ ಆಗಿರುವುದರಿಂದ ಅದು ಇನ್ನೂ ಹೆಚ್ಚು. ಬೇರೆ ಕಾಯಿಲೆಗಳ ದೃಷ್ಟಿಯಿಂದ ಆ ಸಂಬಂಧ ಬೇಡವೆಂಬುದೇ ನನ್ನ ಅಭಿಪ್ರಾಯ.

ಕೊನೆಯದಾಗಿ, ಮಗುವಿಗೆ ಥೈರಾಯ್ಡ್ ಮಾತ್ರೆ ಕೊಡುತ್ತಿದ್ದಾರೆಯೇ ಎಂದು ವಿಚಾರಿಸಿ.

ಉತ್ತರ 2: ಮುಳಬಾಗಿಲಿನ ಗೃಹಿಣಿ (ಪ್ರಶ್ನೆ ಕೇಳಿದವರು)

ಮೇಡಂ, ನಿಮ್ಮ ಉತ್ತರವನ್ನು ಅಕ್ಕನಿಗೆ ಓದಿ ಹೇಳಿದೆ. ಭಾವನೂ ಪಕ್ಕದಲ್ಲೇ ಕುಳಿತು ಕೇಳಿದರು. ಹೌದು, ಟಿ4 ಎಂಬ ಥೈರಾಯ್ಡ್ ಹಾರ್ಮೋನು ಕಡಿಮೆಯಿದೆ ಎಂದು ಹೇಳಿ ಬಹಳ ದಿನಗಳಿಂದ ಥೈರಾಯ್ಡ್ ಮಾತ್ರೆ ಕೊಡುತ್ತಿದ್ದಾರೆ. ಹುಟ್ಟಿದಾಗ ಮಾಡಿದ, ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನನ್ನು ಅಳೆಯುವ ಟಿಎಸ್‌ಎಚ್ ಪರೀಕ್ಷೆ ಮಾತ್ರ ಸರಿಯಾಗಿಯೇ ಇತ್ತು. ಇದಕ್ಕೂ ವರದಿಯಲ್ಲಿರುವ ಕಾಯಿಲೆಗೂ ಸಂಬಂಧವಿದೆಯೇ?

ಉತ್ತರ 3: ಮಕ್ಕಳ ವೈದ್ಯೆ, ಕೋಲಾರ

ನೇರ ಸಂಬಂಧವಿದೆ. ಈ ವಂಶವಾಹಿ ತಯಾರಿಸುವುದು ಎಂಸಿಟಿ8 ಎಂಬ ಪ್ರೋಟೀನನ್ನು. ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು, ಮುಖ್ಯವಾಗಿ ಟಿ3, ಮಿದುಳಿನೊಳಗೆ ಸಾಗಬೇಕಾದರೆ ಆ ಪ್ರೋಟೀನು ಬೇಕು. ಅದು ಕೆಡುವುದರಿಂದ ಮಗುವಿನ ಮಿದುಳು ಗರ್ಭದಲ್ಲಿದ್ದಾಗಿನಿಂದಲೇ ಹಾರ್ಮೋನಿನ ಕೊರತೆಯಲ್ಲಿ ಬೆಳೆಯುತ್ತದೆ. ಯಕೃತ್ತು, ಹೃದಯ, ಸ್ನಾಯುಗಳಿಗೆ ಬೇರೆ ಸಾಗಣೆ ಪ್ರೋಟೀನುಗಳೂ ಇರುವುದರಿಂದ ಅಲ್ಲಿ ಪರಿಸ್ಥಿತಿ ತದ್ವಿರುದ್ಧ: ರಕ್ತದಲ್ಲಿ ಟಿ3 ಏರಿರುತ್ತದೆ, ಆ ಅಂಗಗಳು ಹಾರ್ಮೋನಿನ ಅತಿರೇಕದಿಂದ ಬಳಲುತ್ತವೆ. ನಾಡಿ ಬಡಿತ ಹೆಚ್ಚಿರುವುದಕ್ಕೂ, ಎಷ್ಟು ಉಣಿಸಿದರೂ ಮೈಗೆ ಹತ್ತದಿರುವುದಕ್ಕೂ ಇದೇ ಕಾರಣ. ಟಿ4 ಕಡಿಮೆ, ಟಿ3 ಹೆಚ್ಚು, ಟಿಎಸ್‌ಎಚ್ ಸಹಜ ಅಥವಾ ಸ್ವಲ್ಪ ಹೆಚ್ಚು, ಇದು ಈ ಸಿಂಡ್ರೋಮಿನ ಗುರುತು. ಟಿಎಸ್‌ಎಚ್ ಒಂದನ್ನೇ ನೋಡುವ ನವಜಾತ ಪರೀಕ್ಷೆಯಲ್ಲಿ ಇದು ತಪ್ಪಿಹೋಗುತ್ತದೆ. ಕುತ್ತಿಗೆ ನಿಲ್ಲದ, ಮೈ ಸಡಿಲವಾಗಿರುವ ಪ್ರತಿ ಗಂಡು ಮಗುವಿಗೂ ಒಮ್ಮೆ ಟಿ3 ನೋಡಬೇಕೆಂದು ನಾನು ಕಿರಿಯ ವೈದ್ಯರಿಗೆ ಹೇಳುತ್ತಲೇ ಇರುತ್ತೇನೆ.

ಬರೀ ಥೈರಾಯ್ಡ್ ಮಾತ್ರೆ ಕೊಟ್ಟರೆ ಅದು ಮಿದುಳನ್ನು ಸೇರುವುದಿಲ್ಲ, ಉಳಿದ ದೇಹದ ಹೊರೆಯನ್ನು ಮಾತ್ರ ಹೆಚ್ಚಿಸಬಹುದು. ಆದರೂ ನೀವಾಗಿಯೇ ನಿಲ್ಲಿಸಬೇಡಿ. ವರದಿ ಹಿಡಿದು ಮಕ್ಕಳ ಎಂಡೋಕ್ರೈನ್ (ಹಾರ್ಮೋನು) ತಜ್ಞರನ್ನು ಬೇಗ ಕಾಣಿ, ಟಿ3 ಮತ್ತು ಇಸಿಜಿ ಮಾಡಿಸಿ. ಟ್ರಯಾಕ್ ಎಂಬ, ಟಿ3ಯನ್ನು ಹೋಲುವ ಔಷಧಿ ರಕ್ತದ ಟಿ3ಯನ್ನು ತಗ್ಗಿಸಿ ಮಕ್ಕಳ ತೂಕ ಮತ್ತು ನಾಡಿ ಬಡಿತವನ್ನು ಸುಧಾರಿಸುತ್ತದೆ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು, 2025ರಲ್ಲಿ ಯುರೋಪಿನಲ್ಲಿ ಅದಕ್ಕೆ ಅನುಮೋದನೆ ದೊರೆಯಿತು. ಅದರಿಂದ ಮಾತು, ನಡಿಗೆ ಬರುತ್ತವೆ ಎಂಬ ನಿರೀಕ್ಷೆಯನ್ನು ನಾನು ಹುಟ್ಟಿಸಲಾರೆ. ಮೈ ತುಂಬಿಕೊಂಡು ಹೃದಯದ ಹೊರೆ ಇಳಿಯುವುದೂ ಈ ಮಗುವಿಗೆ ಸಣ್ಣ ವಿಷಯವಲ್ಲ.

ಉತ್ತರ 4: ತಿಪಟೂರಿನ ಒಬ್ಬ ತಂದೆ

ಮುಳಬಾಗಿಲಿನ ಸಹೋದರಿಯವರಿಗೆ ನಮಸ್ಕಾರ. ಡಾಕ್ಟರ್ ಮೇಡಂ ಹೇಳಿರುವುದು ನಿಮ್ಮ ಮನೆಯ ಕಾಯಿಲೆಗೆ ಪೂರ್ತಿ ಸರಿ. ಆದರೆ ಇದನ್ನು ಓದುವ ಬೇರೆ ಕುಟುಂಬಗಳು "ಆರೋಗ್ಯವಂತ ಗಂಡಸಿನಿಂದ ಎಕ್ಸ್ ದೋಷ ಹರಡುವುದಿಲ್ಲ" ಎಂಬುದನ್ನು ಎಲ್ಲ ಎಕ್ಸ್ ಕಾಯಿಲೆಗಳಿಗೂ ಅನ್ವಯಿಸಿಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಮಗನಿಗೆ ಇರುವುದು ಫ್ರಜೈಲ್ ಎಕ್ಸ್ ಸಿಂಡ್ರೋಮ್. ಅದರಲ್ಲಿ ಎಫ್‌ಎಂಆರ್1 ಎಂಬ ವಂಶವಾಹಿಯಲ್ಲಿ ಸಿಜಿಜಿ ಎಂಬ ಮೂರಕ್ಷರದ ತುಣುಕು ಮತ್ತೆ ಮತ್ತೆ ಪುನರಾವರ್ತನೆಯಾಗಿರುತ್ತದೆ. ಪುನರಾವರ್ತನೆ 55ರಿಂದ 200ರೊಳಗಿದ್ದರೆ ಬುದ್ಧಿಮಾಂದ್ಯ ಬರುವುದಿಲ್ಲ, 200 ದಾಟಿದರೆ ವಂಶವಾಹಿ ಸ್ತಬ್ಧವಾಗುತ್ತದೆ. 200ರೊಳಗಿನ ಪುನರಾವರ್ತನೆಯಿದ್ದ ನಮ್ಮ ಮಾವನವರು ಜೀವನವಿಡೀ ತೆಂಗಿನ ವ್ಯಾಪಾರ ಮಾಡಿಕೊಂಡು ಚುರುಕಾಗಿಯೇ ಇದ್ದವರು. ವಯಸ್ಸಾದ ಮೇಲೆ ಕೈನಡುಕ, ತೂರಾಟ ಶುರುವಾಯಿತು. ಅದೂ ಇದೇ ವಂಶವಾಹಿಯ ಪರಿಣಾಮ ಎಂದು ನಿಮ್ಹಾನ್ಸ್‌ನಲ್ಲಿ ತಿಳಿಯಿತು. ಅವರ ಎಕ್ಸ್ ಹೆಣ್ಣು ಮಕ್ಕಳೆಲ್ಲರಿಗೂ ಬಂದಿದೆ, ನನ್ನ ಹೆಂಡತಿಯಿಂದ ಮಗನಿಗೆ ದಾಟುವಾಗ ಪುನರಾವರ್ತನೆ ಬೆಳೆದು 200 ಮೀರಿದೆ. ಈ ಕಾಯಿಲೆಯಲ್ಲಿ ಹೆಣ್ಣು ಮಕ್ಕಳಿಗೂ ಕಲಿಕೆಯ ತೊಂದರೆ ಬರುವುದುಂಟು. ಸಾಮಾನ್ಯ ಎಕ್ಸೋಮ್ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ, ಪ್ರತ್ಯೇಕ ಪರೀಕ್ಷೆ ಕೇಳಿ ಮಾಡಿಸಬೇಕು. ಎಕ್ಸೋಮ್ ಸರಿಯಿದೆ ಎಂದು ಸಮಾಧಾನ ಪಟ್ಟುಕೊಂಡು ಕುಳಿತಿರುವ ಪೋಷಕರು ದಯವಿಟ್ಟು ಗಮನಿಸಿ.

ಉತ್ತರ 5: ಫಿಸಿಯೋಥೆರಪಿಸ್ಟ್, ಚಿಂತಾಮಣಿ

ಮಗುವಿನ ದಿನನಿತ್ಯದ ಆರೈಕೆಯ ಬಗ್ಗೆ ಎರಡು ಮಾತು. ಕುತ್ತಿಗೆ ನಿಲ್ಲದ ಮಗುವನ್ನು ಮಲಗಿಸಿಕೊಂಡು ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುವ ಭಯವಿರುತ್ತದೆ. ತಲೆಗೆ ಆಸರೆ ಕೊಟ್ಟು ಕೂರಿಸಿ, ರಾಗಿ ಗಂಜಿಯನ್ನು ಸ್ವಲ್ಪ ಗಟ್ಟಿಯಾಗಿಯೇ ಮಾಡಿ, ತುಪ್ಪ ಬೆರೆಸಿ, ಕಡಿಮೆ ಪ್ರಮಾಣದಲ್ಲಿ ಹೆಚ್ಚು ಬಾರಿ ಕೊಡಿ. ನುಂಗುವಾಗ ಕೆಮ್ಮು ಬಂದರೆ ಅದನ್ನು ನಿರ್ಲಕ್ಷಿಸಬೇಡಿ. ಸೊಂಟದ ಕೀಲು ಜಾರುತ್ತಿದೆಯೇ, ಬೆನ್ನು ಬಾಗುತ್ತಿದೆಯೇ ಎಂದು ಆಗಾಗ ಎಕ್ಸ್‌ರೇಯಲ್ಲಿ ನೋಡಿಸಬೇಕು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇನ್ನೂ ಮಾಡಿಸಿಲ್ಲವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಉತ್ತರ 6: ಮುಳಬಾಗಿಲಿನ ಗೃಹಿಣಿ

ಎಲ್ಲರಿಗೂ ಕೃತಜ್ಞತೆಗಳು. ಸೋಮವಾರ ಪತಿಯೊಂದಿಗೆ ಬೆಂಗಳೂರಿಗೆ ಹೊರಟಿದ್ದೇವೆ. ಇನ್ನೊಂದೇ ಪ್ರಶ್ನೆ: ಅಕ್ಕನ ಮಗಳನ್ನೂ ಜೊತೆಗೇ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿಬಿಡಬೇಕೆಂದು ಅಮ್ಮ ಹೇಳುತ್ತಿದ್ದಾರೆ. ಮಾಡಿಸಬಹುದೇ?

ಉತ್ತರ 7: ಮಕ್ಕಳ ವೈದ್ಯೆ, ಕೋಲಾರ

ಆಕೆಗೆ ಹದಿನೆಂಟು ತುಂಬಿರುವುದರಿಂದ ಆ ನಿರ್ಧಾರವನ್ನು ಆಕೆಯೇ ತೆಗೆದುಕೊಳ್ಳಬೇಕು. ಕರೆದುಕೊಂಡು ಹೋಗಿ, ಸಲಹೆಗಾರರೊಂದಿಗೆ ಆಕೆ ಒಬ್ಬಳೇ ಕುಳಿತು ಮಾತನಾಡಲಿ. ಪರೀಕ್ಷೆ ಬೇಕೆಂದರೆ ರಕ್ತ ಕೊಡಲಿ, ಬೇಡವೆಂದರೆ ಹಾಗೆಯೇ ಬರಲಿ. ಮದುವೆಯ ನಂತರ, ಗರ್ಭ ಧರಿಸುವ ಮುನ್ನ ಮಾಡಿಸಿಕೊಂಡರೂ ತಡವಾಗುವುದಿಲ್ಲ. ಫಲಿತಾಂಶ ಆಕೆಯ ಕೈಗೇ ಸೇರಬೇಕು, ಯಾರಿಗೆ ಹೇಳಬೇಕೆಂಬುದೂ ಆಕೆಗೆ ಬಿಟ್ಟದ್ದು. ಅಮ್ಮನಿಗೆ ಅಕ್ಕತಂಗಿಯರಿದ್ದರೆ ಅವರಿಗೂ ಅವರ ಹೆಣ್ಣು ಮಕ್ಕಳಿಗೂ ವಿಷಯ ತಿಳಿಸಿ, ವರದಿಯ ಒಂದೊಂದು ಪ್ರತಿಯನ್ನೂ ಕೊಡಿ. ನಿಮ್ಮ ಮಾದರಿ ಕೊಡುವಾಗ ಗರ್ಭಿಣಿ ಎಂಬುದನ್ನೂ ಎಷ್ಟು ವಾರವಾಗಿದೆ ಎಂಬುದನ್ನೂ ನಮೂನೆಯಲ್ಲಿ ಬರೆಸಿ, ಪ್ರಯೋಗಾಲಯದವರು ಅದಕ್ಕೆ ಆದ್ಯತೆ ಕೊಡುತ್ತಾರೆ.