ಸ್ಕೀ ಬೂಟ್ ಹಾಕಿದ್ರೆ ಕಾಲು ಜೋಮು ಹಿಡಿಯುತ್ತೆ, ಇನ್ನೂ ದೊಡ್ಡ ಸೈಜ್ ಕೇಳ್ಲಾ?

ಕೊಥ್ರೂಡ್ ಕನ್ನಡಿಗ:
ಜನವರಿಯಲ್ಲಿ ಆಫೀಸ್ ಗ್ಯಾಂಗ್ ಜೊತೆ ಗುಲ್ಮಾರ್ಗ್‌ಗೆ ಹೋಗಿದ್ದೆ, ಅಲ್ಲೇ ಬಾಡಿಗೆ ಬೂಟ್ ತಗೊಂಡು ಸ್ಕೀಯಿಂಗ್ ಕಲಿತಿದ್ದು, ಸಖತ್ ಮಜಾ ಬಂತು ಆದ್ರೆ ಕಾಲಿನ ಕಥೆ ಕೇಳ್ಬೇಡಿ. ಅರ್ಧ ಗಂಟೆಗೇ ಪಾದದ ಮೇಲ್ಭಾಗ ನೋವು, ಆಮೇಲೆ ಬೆರಳೆಲ್ಲ ಜೋಮು. ಹೆಬ್ಬೆರಳ ಉಗುರು ಪುಣೆಗೆ ಬಂದ್ಮೇಲೂ ಕಪ್ಪಾಗೇ ಇದೆ. ಶೂ ಸೈಜ್ ಯುಕೆ 8, ಅಂಗಡಿಯವನು 28.5 ಕೊಟ್ಟಿದ್ದ, ಚಳಿ ಅಂತ ಎರಡು ಜೊತೆ ಉಲ್ಲನ್ ಸಾಕ್ಸ್ ಹಾಕಿದ್ದೆ. ಸಿಂಹಗಡ ಹತ್ತೋವಾಗ ಇದೇ ಕಾಲಿಗೆ ಏನೂ ಆಗಲ್ಲ!

ಡೊಂಬಿವಲಿ ಲೋಕಲ್:
ದೊಡ್ಡದು ಬೇಡವೇ ಬೇಡ ಮಾರಾಯ್ರೆ, ಈಗಲೇ ದೊಡ್ಡದಾಗಿದೆ. 28.5 ಅಂದ್ರೆ ಪಾದದ ಉದ್ದ, ಸೆಂಟಿಮೀಟರ್‌ನಲ್ಲಿ. ಯುಕೆ 8ರವರಿಗೆ ಸುಮಾರು 26.5, 27 ಸಾಕು. ಒಳಗೆ ಜಾಗ ಇದ್ರೆ ಹಿಮ್ಮಡಿ ಏಳ್ತದೆ, ಪಾದ ಮುಂದೆ ಜಾರಿ ಉಗುರು ಹೋಗಿ ಬಡೀತದೆ, ಅದಕ್ಕೆ ನೀವು ಬಕಲ್ ಎಳೆದು ಬಿಗಿ ಮಾಡ್ತೀರಿ, ಆಗ ಪಾದದ ಮೇಲಿನ ನರ, ರಕ್ತನಾಳ ಎಲ್ಲ ಅಮುಕಿ ಜೋಮು ಹಿಡೀತದೆ. ಎರಡು ಸಾಕ್ಸ್ ಹಾಕಿದ್ರೆ ರಕ್ತ ಸರಿ ಓಡದೆ ಚಳಿ ಇನ್ನೂ ಜಾಸ್ತಿಯೇ. ಮೊಣಕಾಲಿನ ತನಕ ಬರುವ ತೆಳು ಸಾಕ್ಸ್ ಒಂದೇ ಸಾಕು. ಬೂಟಿನ ಒಳಗಿನ ಮೆತ್ತನೆ ಪದರ, ಅಂದ್ರೆ ಲೈನರ್ ತೆಗೆದು ಬರೀ ಪ್ಲಾಸ್ಟಿಕ್ ಶೆಲ್ಲಿಗೆ ಕಾಲಿಟ್ಟು ಬೆರಳು ಮುಂದೆ ತಾಗಿಸಿ ನೋಡಿ, ಹಿಮ್ಮಡಿ ಹಿಂದೆ ಒಂದೂವರೆ ಎರಡು ಸೆಂಟಿಮೀಟರ್ ಉಳಿದ್ರೆ ಸರಿ. ಅಂಗಡಿಯವ ಮುಖ ಗಂಟಿಕ್ಕಿಯಾನು, ಗಂಟಿಕ್ಕಲಿ.

ಪೇಡಾ ಪಿಂಪ್ರಿ:
ಖರೆ ಅದ. ಹಾಕ್ಕೊಳ್ಳೋ ರೀತಿನೂ ನೋಡ್ರಿ. ರಾತ್ರಿ ಬೂಟ್ ಹೊರಗ ಬಿಡಬ್ಯಾಡ್ರಿ, ಥಂಡಿಗೆ ಪ್ಲಾಸ್ಟಿಕ್ ಕಲ್ಲಾಗ್ತದ, ಬುಖಾರಿ, ಅಂದ್ರ ರೂಮು ಬೆಚ್ಚಗ ಮಾಡೋ ಒಲಿ, ಇರೋ ರೂಮಿನ್ಯಾಗ ಇಡ್ರಿ (ಬುಖಾರಿಗೆ ಹಚ್ಚಿ ಅಲ್ಲ ಮತ್ತ). ಬಕಲ್ ಎಲ್ಲಾ ಬಿಚ್ಚಿ ಕಾಲು ಹಾಕಿ ಹಿಮ್ಮಡ ನೆಲಕ್ಕ ಕುಟ್ರಿ, ಅದು ಹಿಂದ ಕುಂತ ಮ್ಯಾಲೆ ಮಣಕಾಲು ಮುಂದ ಬಗ್ಗಿಸಿ ಮೊದ್ಲ ಮ್ಯಾಲಿನ ಬಕಲ್ ಹಾಕ್ರಿ. ಪಾದದ ಮ್ಯಾಲಿನವು ಬೆರಳಲ್ಲೇ ಮುಚ್ಚೋ ಅಷ್ಟು ಸಡ್ಲ ಇರ್ಲಿ. ನೆಟ್ಟಗ ನಿಂತಾಗ ಬೆರಳು ಮುಂದ ಸ್ವಲ್ಪ ತಾಗಿ, ಬಗ್ಗಿದಾಗ ಹಿಂದ ಸರದ್ರ ಸೈಜ್ ಬರೋಬ್ಬರಿ. ಥರ್ಮಲ್ ಪ್ಯಾಂಟ್ ಬೂಟಿನೊಳಗ ತುರುಕಬ್ಯಾಡ್ರಿ, ಮುಂಗಾಲ ಎಲುಬಿಗೆ ಒತ್ತಿ ಜೀವ ಹೋಗ್ತದ. ಮ್ಯಾಲೆ ಒಯ್ಯೋ ಗೊಂಡೋಲಾ ಕೇಬಲ್ ಕಾರಿನ್ಯಾಗ ಕುಂತಾಗ ಬಕಲ್ ಬಿಚ್ಚಿ ಬಿಡ್ರಿ.

ಕೊಥ್ರೂಡ್ ಕನ್ನಡಿಗ:
ಗೋಡೆಗೆ ಹಿಮ್ಮಡಿ ತಾಗಿಸಿ ಅಳೆದೆ, 26.6 ಬಂತು. ಆದ್ರೆ ನಂದು ಅಗಲ ಪಾದ, ಲಕ್ಷ್ಮೀ ರೋಡಲ್ಲಿ ಚಪ್ಪಲಿ ಸಿಗೋದೇ ಕಷ್ಟ. ಚಿಕ್ಕ ಬೂಟ್ ಹಿಡಿಸುತ್ತಾ?

ಡೊಂಬಿವಲಿ ಲೋಕಲ್:
ಅಗಲಕ್ಕೆ ಬೇರೆ ಅಳತೆ ಉಂಟು, ಲಾಸ್ಟ್ ಅಂತಾರೆ. 98 ಮಿಲಿಮೀಟರ್ ಸಪೂರ, 100 ಮಧ್ಯಮ, 102 ಮತ್ತೆ ಮೇಲೆ ಅಗಲ. ಸ್ವಂತ ಬೂಟಾದ್ರೆ ಬೂಟ್ ಫಿಟ್ಟರ್ ಶೆಲ್ ಬಿಸಿ ಮಾಡಿ ಒತ್ತುವ ಕಡೆ ಉಬ್ಬಿಸಿ ಕೊಡ್ತಾರೆ, ವರ್ಷಕ್ಕೊಮ್ಮೆ ಹೋಗುವವರಿಗೆ ಆ ಖರ್ಚು ದಂಡ, ಬೇರೆ ಮಾಡೆಲ್ ಹಾಕಿ ನೋಡಿ. ಉಗುರಿನ ಅಡಿ ರಕ್ತ ಕಟ್ಟಿದ್ದು ಉಗುರು ಬೆಳೆದ ಹಾಗೆ ಹೋಗ್ತದೆ, ತಿಂಗಳುಗಟ್ಟಲೆ ಬೇಕು. ಕೀವು, ಸೆಳೆತ ಇದ್ರೆ ಡಾಕ್ಟರಿಗೆ ತೋರಿಸಿ. ಇನ್ನು ಹಿಮದಲ್ಲಿ ಬೆರಳು ಬಿಳಿಚಿ ಮುಟ್ಟಿದ್ದೇ ಗೊತ್ತಾಗದಿದ್ರೆ ತಕ್ಷಣ ಒಳಗೆ ಹೋಗಿ ಬೂಟ್ ಬಿಚ್ಚಿ, ಉಜ್ಜಬೇಡಿ.

ಪೇಡಾ ಪಿಂಪ್ರಿ:
ಸಾಕ್ಸ್ ಮಾತ್ರ ಇಲ್ಲಿಂದನ ಒಯ್ರಿ. ಕಾಟನ್ ಬ್ಯಾಡ, ಒದ್ದಿ ಆದ್ರ ಲಗೂ ಒಣಗಂಗಿಲ್ಲ.