ಮೂರು ಸಲ ಅಳಿಸಿದರೂ ಮತ್ತೆ ಹೊತ್ತಿಕೊಳ್ಳುವ ಎಂಜಿನ್ ದೀಪ

ಪ್ರಶ್ನೆ – ಶಿಕ್ಷಕಿ, ಬಳ್ಳಾರಿ

ನನ್ನದು 2014ರ ಪೆಟ್ರೋಲ್ ಕಾರು. 2021ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ಈಗ 1,12,000 ಕಿ.ಮೀ. ಓಡಿದೆ. ದಿನವೂ ಬಳ್ಳಾರಿಯಿಂದ ಹೊರಟು ಕುಡಿತಿನಿ, ತೋರಣಗಲ್ಲು ದಾಟಿ ಸಂಡೂರು ರಸ್ತೆಯಲ್ಲಿರುವ ನಮ್ಮ ಶಾಲೆಗೆ ಹೋಗುತ್ತೇನೆ. ಜೊತೆಗೆ ಮೂವರು ಸಹೋದ್ಯೋಗಿಗಳು ಬರುತ್ತಾರೆ. ನಮ್ಮದು ಐದೇ ಜನ ಶಿಕ್ಷಕರಿರುವ ಶಾಲೆ. ಈ ಕಾರು ದಾರಿಯಲ್ಲಿ ನಿಂತಿತೆಂದರೆ ಅಂದು ಅಷ್ಟೂ ತರಗತಿಗಳಿಗೆ ಒಬ್ಬರೇ ಮೇಷ್ಟ್ರು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಶಿವರಾತ್ರಿ ಕಳೆದಾಗಿನಿಂದ ಹಳದಿ ಎಂಜಿನ್ ದೀಪ ಕಾಡುತ್ತಿದೆ. ಮೊದಲ ಗ್ಯಾರೇಜಿನವರು ಬ್ಯಾಟರಿಯ ತಂತಿ ಬಿಚ್ಚಿ ಹಾಕಿದರು. ದೀಪ ಆರಿತು, ನಾಲ್ಕನೆಯ ದಿನ ಮತ್ತೆ ಬಂತು. ಎರಡನೆಯವರು ಸ್ಕ್ಯಾನರ್ ಹಚ್ಚಿ ಪಿ0171 ಎಂಬ ದೋಷದ ಕೋಡ್ ಬಂದಿದೆ ಎಂದು ಹೇಳಿ, ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದರು. 3,800 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಒಂದು ವಾರ ಸುಮ್ಮನಿತ್ತು. ಯುಗಾದಿಯ ಹಿಂದಿನ ದಿನ ರೈಲ್ವೆ ಗೇಟಿನಲ್ಲಿ ನಿಂತಿದ್ದಾಗ ಕಣ್ಣೆದುರೇ ದೀಪ ಹೊತ್ತಿಕೊಂಡಿತು. ಮೂರನೆಯ ಕಡೆ ಸ್ಪಾರ್ಕ್ ಪ್ಲಗ್ ಬದಲಿಸಿ ಕೋಡ್ ಅಳಿಸಿ ಕಳಿಸಿದರು. ನಿನ್ನೆ ಸಂಜೆ ಮತ್ತೆ ಅದೇ ದೀಪ, ಅದೇ ಪಿ0171.

ಓಡುವಾಗ ಎಳೆತ ಚೆನ್ನಾಗಿದೆ. ನಿಂತಾಗ ಮಾತ್ರ ಎಂಜಿನ್ ಸಣ್ಣಗೆ ನಡುಗುತ್ತದೆ. ಇನ್ನೊಂದು ಬಿಡಿಭಾಗ ಕೊಳ್ಳುವ ಮುನ್ನ ಆ ಕೋಡ್ ನಿಜವಾಗಿ ಏನು ಹೇಳುತ್ತಿದೆ ಎಂದು ನನಗೆ ತಿಳಿಯಬೇಕು.

ಉತ್ತರ – ಗಿಣಿಗೇರಿ, ಕೊಪ್ಪಳ ಜಿಲ್ಲೆ

ಮೇಡಂ, ನನಗೆ ಅನುಮಾನ ಪೆಟ್ರೋಲಿನ ಮೇಲೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. 2014ರ ಕಾರು ಅದಕ್ಕೆಂದು ತಯಾರಾದದ್ದಲ್ಲ. ನನ್ನ ಹಳೆಯ ಕಾರಿನ ಮೈಲೇಜು ಕೂಡ ಇಳಿದಿದೆ.

ಉತ್ತರ – ಮೆಕ್ಯಾನಿಕ್, ಗಂಗಾವತಿ

ಅಕ್ಕೋರೇ, ಪಿ0171 ಎಂದರೆ ಎಂಜಿನ್ನಿಗೆ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗುತ್ತಿದೆ ಎಂದರ್ಥ. ಆ ಕೋಡ್ ಬರೆಸಿದ್ದೇ ಆಕ್ಸಿಜನ್ ಸೆನ್ಸರ್. ಅದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಇದ್ದದ್ದನ್ನು ಇದ್ದ ಹಾಗೆ ವರದಿ ಮಾಡಿತು, ಅದನ್ನೇ ಕಿತ್ತು ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ನಿಮ್ಮ 3,800 ರೂಪಾಯಿಗೆ ನನಗೂ ಹೊಟ್ಟೆ ಉರಿಯುತ್ತಿದೆ.

ಗಿಣಿಗೇರಿಯವರ ಮಾತನ್ನೂ ತಳ್ಳಿಹಾಕುವುದಿಲ್ಲ. ಬರಿಯ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಶೇ 20 ಎಥೆನಾಲ್ ಇದ್ದರೆ ಸುಮಾರು 13.5 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಕಾರಿನ ಕಂಪ್ಯೂಟರ್ ಸ್ವಲ್ಪ ಹೆಚ್ಚು ಪೆಟ್ರೋಲ್ ಬಿಡಬೇಕಾಗುತ್ತದೆ. ಆದರೆ ಆ ಹೆಚ್ಚಳ ನಿಂತಾಗಲೂ ಓಡುವಾಗಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ನಿಮಗೆ ತೊಂದರೆ ಕಾಣುತ್ತಿರುವುದು ನಿಂತಾಗ. ಅಲ್ಲೇ ಸುಳಿವಿದೆ.

ಬ್ಲೂಟೂತ್ ಸ್ಕ್ಯಾನರ್ ಯಾರದಾದರೂ ಇದ್ದರೆ ಎರವಲು ಪಡೆಯಿರಿ. ಸ್ಟಿಯರಿಂಗ್ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಹಚ್ಚಿ. ಕೋಡ್ ಅಳಿಸಲು ಹೋಗಬೇಡಿ! ಅಳಿಸಿದರೆ ದೀಪ ಹೊತ್ತಿದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ವೇಗ ಎಷ್ಟಿತ್ತು ಎಂಬ ದಾಖಲೆಯೂ ಹೋಗುತ್ತದೆ. ಬ್ಯಾಟರಿ ಬಿಚ್ಚಿದರೂ ಅಷ್ಟೇ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಎಂಬ ಅಂಕಿ ನೋಡಿ. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಪೆಟ್ರೋಲ್ ಬಿಡುತ್ತಿದೆ ಎಂಬ ಅಂಕಿ ಅದು. ಮೊದಲು ಐಡಲಿಂಗಿನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಚಾಲೂ ಇದ್ದಾಗ, ಬರೆದುಕೊಳ್ಳಿ. ಆಮೇಲೆ ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ಮತ್ತೆ ಬರೆದುಕೊಳ್ಳಿ.

ನಿಂತಾಗ ಹೆಚ್ಚಿದ್ದು ವೇಗಕ್ಕೆ ಇಳಿದರೆ ಎಲ್ಲೋ ರಬ್ಬರ್ ಪೈಪ್ ಸೀಳಿ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಅದೇ ವೇಗ ಏರಿದಂತೆ ಹೆಚ್ಚಾದರೆ ಪೆಟ್ರೋಲ್ ಪಂಪ್, ಫಿಲ್ಟರ್, ಇಲ್ಲವೇ ಏರ್ ಫಿಲ್ಟರ್ ಡಬ್ಬಿಯ ಹಿಂದಿರುವ ಗಾಳಿ ಅಳೆಯುವ ಸೆನ್ಸರ್ ನೋಡಬೇಕು. ಆ ಸೆನ್ಸರ್ ನಿಮ್ಮ ಕಾರಿನಲ್ಲಿ ಇದೆಯೇ ಎಂದೂ ತಿಳಿಸಿ. ಅದಿಲ್ಲದೆ ಒತ್ತಡ ನೋಡಿ ಗಾಳಿಯ ಲೆಕ್ಕ ಹಾಕುವ ಕಾರುಗಳೂ ಇವೆ, ಅವುಗಳಲ್ಲಿ ಈ ಪರೀಕ್ಷೆ ಇಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ.

ಉತ್ತರ – ರಾಯಚೂರು

ದೀಪ ಸ್ಥಿರವಾಗಿ ಉರಿದರೆ ನಿಧಾನಕ್ಕೆ ತೋರಿಸಬಹುದು. ಮಿಣುಕತೊಡಗಿದರೆ ಮಾತ್ರ ಆಕ್ಸಿಲರೇಟರಿನಿಂದ ಕಾಲು ತೆಗೆದು, ಬದಿಗೆ ನಿಲ್ಲಿಸಿ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಹೊಗೆ ಕೊಳವೆಗೆ ಇಳಿದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ನಾನು ಕಳೆದ ಮೇ ತಿಂಗಳಲ್ಲಿ ಶಕ್ತಿನಗರದಿಂದ ಮನೆಯವರೆಗೂ ಹಾಗೆಯೇ ಓಡಿಸಿಕೊಂಡು ಬಂದೆ. ರಿಪೇರಿಗೆ ಎರಡು ತಿಂಗಳ ಸಂಬಳ ಹೋಯಿತು.

ಶಿಕ್ಷಕಿ, ಬಳ್ಳಾರಿ

ಅಣ್ಣ, ನೀವು ಹೇಳಿದಂತೆಯೇ ಭಾನುವಾರ ಬೆಳಿಗ್ಗೆ ನೋಡಿದೆವು. ಗಾಳಿ ಅಳೆಯುವ ಸೆನ್ಸರ್ ಇದೆ. ಐಡಲಿಂಗಿನಲ್ಲಿ 22, 2,500ರಲ್ಲಿ 6. ಎರಡು ಸಲ ನೋಡಿದರೂ ಅದೇ. ಒಂದು ಮಾತು ಅರ್ಥವಾಗಲಿಲ್ಲ: ದೋಷ ದಿನವೂ ಇದ್ದರೆ ದೀಪ ನಾಲ್ಕು ದಿನ ಬಿಟ್ಟು ಏಕೆ ಬರುತ್ತದೆ?

ಮೆಕ್ಯಾನಿಕ್, ಗಂಗಾವತಿ

ಕಳ್ಳಗಾಳಿಯೇ. ಕೋಡ್ ಅಳಿಸಿದಾಗ ಕಂಪ್ಯೂಟರ್ ಕಲಿತದ್ದೆಲ್ಲ ಮರೆತು ಸೊನ್ನೆಯಿಂದ ಶುರುಮಾಡುತ್ತದೆ. ಅಂಕಿ ಮಿತಿಯವರೆಗೆ ಏರಲು ಸಮಯ ಹಿಡಿಯುತ್ತದೆ. ಬಹಳಷ್ಟು ಕಾರುಗಳಲ್ಲಿ ಆ ಮಿತಿ 20ರಿಂದ 25ರ ಆಸುಪಾಸು. ಸಾಮಾನ್ಯವಾಗಿ ಬೆನ್ನುಬೆನ್ನಿಗೆ ಎರಡು ಓಡಾಟದಲ್ಲಿ ದೋಷ ಕಂಡರೆ ದೀಪ ಹೊತ್ತುತ್ತದೆ, ಮೂರು ಓಡಾಟದಲ್ಲಿ ಕಾಣದಿದ್ದರೆ ತಾನೇ ಆರುತ್ತದೆ. ದೀಪ ಆರಿದ್ದಕ್ಕೆ ರಿಪೇರಿ ಆಯಿತೆಂದು ಹಣ ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈಗ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಬೊನೆಟ್ ಎತ್ತಿ. ಎಂಜಿನ್ ಮೇಲಿನ ಮುಚ್ಚಳದಿಂದ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುವ ಹೆಬ್ಬೆರಳಿನಷ್ಟು ದಪ್ಪದ ಪೈಪ್ ಹುಡುಕಿ. ನಾವು ಬ್ರೀದರ್ ಪೈಪ್ ಎನ್ನುತ್ತೇವೆ. ಅದು ಮೊಣಕೈಯಂತೆ ಬಾಗುವ ಜಾಗದ ಅಡಿಭಾಗ ಮುಟ್ಟಿ ನೋಡಿ. ಮೇಲಿನಿಂದ ಎಂದೂ ಕಾಣುವುದಿಲ್ಲ. ನಿಮ್ಮ ಊರಿನ ಬಿಸಿಲಿಗೆ, ಎಂಜಿನ್ನಿನ ಎಣ್ಣೆಯ ಆವಿಗೆ ಅಲ್ಲಿಯ ರಬ್ಬರ್ ಸೆಡೆತು ಸೀಳುತ್ತದೆ.

ಸೀಳು ಕಂಡರೆ ಎಂಜಿನ್ ಚಾಲೂ ಮಾಡಿ, ಸೀಳಿಗೂ ಮ್ಯಾನಿಫೋಲ್ಡಿಗೂ ನಡುವೆ ಪೈಪನ್ನು ಒತ್ತಿ ಹಿಡಿಯಿರಿ. ಆಗ ಶಾರ್ಟ್ ಟರ್ಮ್ ಟ್ರಿಮ್, ಅಂದರೆ ಕಂಪ್ಯೂಟರ್ ಆ ಕ್ಷಣಕ್ಕೆ ಮಾಡುವ ತಿದ್ದುಪಡಿಯ ಅಂಕಿ, ಕೂಡಲೇ ಕೆಳಗೆ ಬೀಳಬೇಕು. ಸೆರಗು, ಜಡೆ ಬೆಲ್ಟಿನ ಹತ್ತಿರ ಸುಳಿಯದಿರಲಿ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ.

ಶಿಕ್ಷಕಿ, ಬಳ್ಳಾರಿ

ಸಿಕ್ಕಿತು ಅಣ್ಣ!

ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೌಡರ್ ಡಬ್ಬಿಯ ಕನ್ನಡಿಯನ್ನು ಪೈಪಿನ ಕೆಳಗೆ ಹಿಡಿದು ಟಾರ್ಚ್ ಬಿಟ್ಟೆ. ಬಾಗಿದ ಜಾಗದಲ್ಲಿ ಉಗುರಿನಷ್ಟು ಉದ್ದದ ಸೀಳು. ಅದರ ತುಟಿಯ ಸುತ್ತ ಎಣ್ಣೆ ಜಿನುಗಿ, ಅದಕ್ಕೆ ನಮ್ಮ ರಸ್ತೆಯ ಅದಿರಿನ ಕೆಂಪು ದೂಳು ಮೆತ್ತಿಕೊಂಡು ಕುಂಕುಮ ಕಲಸಿಟ್ಟಂತೆ ಕಾಣುತ್ತಿತ್ತು. ಬೆರಳಾಡಿಸಿದರೆ ಜಿಗುಟು, ಜೊತೆಗೆ ಮರಳಿನಂತೆ ಒರಟು. ಉಳಿದ ಪೈಪೆಲ್ಲ ಬರಿಯ ದೂಳು, ಕೈಯಲ್ಲಿ ಒರೆಸಿದರೆ ಹೋಗುವಂಥದ್ದು. ಆ ಒಂದು ಜಾಗ ಮಾತ್ರ ಹೀಗೆ. ಮೂರು ಗ್ಯಾರೇಜಿನಲ್ಲಿ ಒಬ್ಬರಾದರೂ ಅದರ ಕೆಳಗೆ ಕೈ ಹಾಕಿದ್ದರೆ!

ಎಂಜಿನ್ ಚಾಲೂ ಮಾಡಿ ಪೈಪ್ ಒತ್ತಿ ಹಿಡಿದೆ. ಮಗಳು ಒಳಗೆ ಕುಳಿತು ಮೊಬೈಲ್ ನೋಡಿ ಕೂಗಿ ಹೇಳುತ್ತಿದ್ದಳು: "ಎರಡು... ಸೊನ್ನೆ... ಮೈನಸ್ ಏಳು... ಮೈನಸ್ ಹದಿನೈದು ಅಮ್ಮಾ!" ಬಿಟ್ಟ ತಕ್ಷಣ ಮತ್ತೆ ಮೇಲೆ. ನಡುಕವೂ ನಿಂತು ಮತ್ತೆ ಬಂತು. ಆ ಅಂಕಿ ನನ್ನ ಬೆರಳಿಗೆ ಉತ್ತರ ಕೊಡುತ್ತಿದ್ದುದನ್ನು ಕೇಳಿ ನನಗಾದ ಸಂತೋಷ ಬರೆದು ತಿಳಿಸಲಾರೆ.

ಸೋಮವಾರ ಬಿಡಿಭಾಗದ ಅಂಗಡಿಯಲ್ಲಿ ಹೊಸ ಪೈಪ್ 240 ರೂಪಾಯಿಗೆ ಸಿಕ್ಕಿತು, ಎರಡು ಕ್ಲಿಪ್ಪಿಗೆ 30. ನಾನೇ ಹಾಕಿದೆ. ಇಂದಿಗೆ ಹನ್ನೆರಡು ದಿನ. ಐಡಲಿಂಗಿನಲ್ಲಿ 5, ವೇಗದಲ್ಲಿ 4. ಕೋಡ್ ಅಳಿಸಲಿಲ್ಲ, ಮೂರನೆಯ ದಿನ ಕುಡಿತಿನಿ ದಾಟುವಾಗ ದೀಪ ತಾನೇ ಆರಿಹೋಯಿತು. ಹಿಂದೆ ಕುಳಿತಿದ್ದವರು ಚಪ್ಪಾಳೆ ತಟ್ಟಿದರು.

ಮೆಕ್ಯಾನಿಕ್, ಗಂಗಾವತಿ

ಬಹಳ ಸಂತೋಷ ಅಕ್ಕೋರೇ. ಈಗ ಉಳಿದಿರುವ 4, 5 ಗಿಣಿಗೇರಿಯವರು ಹೇಳಿದ ಎಥೆನಾಲಿನದೇ ಇರಬಹುದು, ಅದಕ್ಕೆ ಅಂಜಬೇಕಿಲ್ಲ. ಇನ್ನೊಂದು ಕೆಲಸ ಇದೆ. ಆ ಸೀಳಿನಿಂದ ಇಷ್ಟು ದಿನ ಫಿಲ್ಟರ್ ಇಲ್ಲದ ಗಾಳಿ, ಅದಿರಿನ ದೂಳಿನ ಸಮೇತ, ಸಿಲಿಂಡರಿಗೆ ಹೋಗಿದೆ. ಅವಧಿ ಮುಗಿಯುವವರೆಗೆ ಕಾಯದೆ ಈ ವಾರವೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿ. ಏರ್ ಫಿಲ್ಟರ್ ಡಬ್ಬಿಯ ನಾಲ್ಕೂ ಕ್ಲಿಪ್ ಗಟ್ಟಿಯಾಗಿ ಕೂರುತ್ತವೆಯೇ ನೋಡಿ. ಹಳೆಯ ಪೈಪನ್ನು ಎಸೆಯಬೇಡಿ, ಡಿಕ್ಕಿಯಲ್ಲಿರಲಿ. ಮುಂದಿನ ಸಲ ಗ್ಯಾರೇಜಿಗೆ ಹೋದಾಗ ತೋರಿಸಿ.